ಗುರುಮಠದಿಂದ ಹಿಂದಿರುಗಿದ ಹುಡುಗ: ಶಿಕಾಗೋದ ರೇ ಮೇಯರ್ ಅವರ ನಲವತ್ತೆರಡು ವರ್ಷಗಳು

ನಮ್ಮ ದೇವಾಲಯದ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗಾಗಿ ಸಮಿತಿಯವರು ಸಿದ್ಧಪಡಿಸಿದ ಪಟ್ಟಿಗಳನ್ನು ನಾವು ಒಂದೊಂದಾಗಿ ನೋಡುತ್ತ ಬಂದೆವು. ನೂರು ವರ್ಷಗಳಲ್ಲಿ ಇಲ್ಲಿ ಸೇವೆ ಸಲ್ಲಿಸಿದ ಧರ್ಮಗುರುಗಳ ಪಟ್ಟಿ, ಈ ಧರ್ಮಕೇಂದ್ರದಲ್ಲಿ ಹುಟ್ಟಿ ಗುರುದೀಕ್ಷೆ ಪಡೆದವರ ಪಟ್ಟಿ, ಧರ್ಮಭಗಿನಿಯರ ಪಟ್ಟಿ, ಉಪದೇಶಿಗಳ ಪಟ್ಟಿ, ದಾನಿಗಳ ಪಟ್ಟಿ, ಎಲ್ಲವೂ ಅಚ್ಚುಕಟ್ಟಾಗಿದ್ದವು. ಆದರೂ ಏನೋ ಬಿಟ್ಟುಹೋಗಿದೆ ಎಂಬ ಅಳುಕು ನಮ್ಮನ್ನು ಕಾಡುತ್ತಿತ್ತು. ಎರಡು ದಿನಗಳ ನಂತರ ಅದು ಏನೆಂದು ಹೊಳೆಯಿತು. ಕಿರಿಯ ಗುರುಮಠಕ್ಕೆ ಹೋಗಿ, ಗುರುಗಳಾಗದೆ ಮನೆಗೆ ಹಿಂದಿರುಗಿದವರ ಹೆಸರು ಯಾವ ಪಟ್ಟಿಯಲ್ಲಿಯೂ ಇರಲಿಲ್ಲ.

ನಾವು ಕಿರಿಯ ಗುರುಮಠಕ್ಕೆ ಸೇರಿದಾಗ ನಮ್ಮ ಜೊತೆಯಲ್ಲಿ ಬಂದ ಹುಡುಗರಲ್ಲಿ ದೀಕ್ಷೆಯ ದಿನದವರೆಗೆ ಉಳಿದವರು ಕೆಲವರೇ. ಉಳಿದವರೆಲ್ಲ ಒಬ್ಬೊಬ್ಬರಾಗಿ ಹೊರಟುಹೋದರು. ಹೋಗುವ ರೀತಿಯೂ ಒಂದೇ ಆಗಿತ್ತು. ಬೆಳಗಿನ ಪೂಜೆಗೆ ನಾವೆಲ್ಲ ಪ್ರಾರ್ಥನಾಲಯದಲ್ಲಿ ಸೇರಿರುವಾಗ ಹೊರಗೆ ಟ್ರಂಕು ಎತ್ತುವ ಸದ್ದಾಗುತ್ತಿತ್ತು. ಉಪಾಹಾರಕ್ಕೆ ಬಂದಾಗ ಬೆಂಚಿನ ಮೇಲೆ ಒಂದು ಸ್ಥಳ ಖಾಲಿಯಾಗಿರುತ್ತಿತ್ತು. ಹೋದವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಊರಿಗೆ ಬಂದರೆ ಅಲ್ಲಿಯೂ ಅದೇ ಮೌನ. ಮಗನನ್ನು ದೇವರಿಗೆ ಕೊಟ್ಟೆವೆಂದು ಹಿಗ್ಗಿದ್ದ ತಾಯಿ, ಮುಂದಿನ ಸಾಲಿನಲ್ಲಿ ಕೂರುತ್ತಿದ್ದವರು, ಹಿಂದಿನ ಕಂಬದ ಮರೆಗೆ ಸರಿಯುತ್ತಿದ್ದರು. ನಾವು ಹೊಸದಾಗಿ ಗುರುಗಳಾದ ಕಾಲದಲ್ಲಿ ಅಂಥದೊಂದು ಮನೆಗೆ ಹೋಗಿ, ಸಂತೈಸುವ ಬದಲು, "ಇನ್ನು ಸ್ವಲ್ಪ ತಾಳ್ಮೆಯಿದ್ದಿದ್ದರೆ ನಿಲ್ಲುತ್ತಿದ್ದ" ಎಂದು ಹೇಳಿಬಂದೆವು. ಆ ತಾಯಿ ನಮಗೆ ಕಾಫಿ ಕೊಟ್ಟರು, ಉತ್ತರ ಕೊಡಲಿಲ್ಲ. ಆ ಮಾತು ಇಂದಿಗೂ ನಮ್ಮ ಮನಸ್ಸಿನಲ್ಲಿ ಮುಳ್ಳಾಗಿದೆ.

ಇದೇ ಸಮಯದಲ್ಲಿ, ದೇವಾಲಯದ ಹಿಂದಿನ ಅಂಗಳದಲ್ಲಿ ಸಂಜೆ ಬಾಸ್ಕೆಟ್‌ಬಾಲ್ ಆಡುವ ನಮ್ಮ ಯುವಕರು, ಸಂಚಿಕೆಯಲ್ಲಿ ಕ್ರೀಡೆಗೆ ಸಂಬಂಧಿಸಿದ ಲೇಖನವೊಂದು ಇರಲೇಬೇಕೆಂದು ಹಟಹಿಡಿದರು. ಎರಡು ಚಿಂತೆಗಳೂ ಒಂದೇ ಕಡೆ ಕೂಡಿದುದು ಅಮೇರಿಕದ ಶಿಕಾಗೋ ನಗರದ ಒಬ್ಬ ಕಾಲೇಜು ತರಬೇತುದಾರರ ಚರಿತ್ರೆಯಲ್ಲಿ. ಅವರ ಹೆಸರು ರೇಮಂಡ್ ಮೇಯರ್. ಜನ ಕರೆದುದು ರೇ ಮೇಯರ್ ಎಂದು. ಅವರೂ ಒಮ್ಮೆ ಗುರುಗಳಾಗಲೆಂದು ಗುರುಮಠಕ್ಕೆ ಹೋಗಿ ಹಿಂದಿರುಗಿದವರು.

ಮೊದಲು ಆಟದ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಿಬಿಡಬೇಕು. 1891ರ ಚಳಿಗಾಲದಲ್ಲಿ ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಕೆನಡಾದ ಶಿಕ್ಷಕರು, ಹಿಮದಿಂದಾಗಿ ಹೊರಗೆ ಆಡಲಾರದೆ ಗಲಾಟೆ ಮಾಡುತ್ತಿದ್ದ ತರುಣರಿಗಾಗಿ, ಪೀಚ್ ಹಣ್ಣಿನ ಬುಟ್ಟಿಗಳೆರಡನ್ನು ಮೊಗಸಾಲೆಯ ಅಂಚಿಗೆ ಹೊಡೆಸಿ, ಹದಿಮೂರು ನಿಯಮಗಳನ್ನು ಬರೆದು ಈ ಆಟವನ್ನು ಹೂಡಿದರು. ನೈಸ್ಮಿತ್ ಅವರೂ ಪ್ರೊಟೆಸ್ಟಂಟ್ ಸಭೆಯ ಬೋಧಕರಾಗಲೆಂದು ದೈವಶಾಸ್ತ್ರ ಓದಿದವರೇ. ಓದು ಮುಗಿಸಿ ವೇದಿಕೆ ಹತ್ತದೆ ವ್ಯಾಯಾಮಶಾಲೆಗೆ ಹೋದವರು. ಹೀಗೆ ಈ ಆಟದ ಬೇರಿನಲ್ಲಿಯೇ ಗುರುಮಠದ ಮಣ್ಣು ಅಂಟಿಕೊಂಡಿದೆ ಎಂದರೆ ನಮ್ಮ ಯುವಕರು ನಗಬಾರದು.

ರೇ ಮೇಯರ್ ಜನಿಸಿದುದು 1913ರ ಡಿಸೆಂಬರ್ 18ರಂದು, ಶಿಕಾಗೋದಲ್ಲಿ. ಐರ್ಲೆಂಡ್, ಪೋಲೆಂಡ್, ಜರ್ಮನಿ, ಇಟಲಿಗಳಿಂದ ಹೊಟ್ಟೆಪಾಡಿಗೆಂದು ಬಂದ ಕಥೋಲಿಕರು ತುಂಬಿದ ನಗರ ಅದು. ಒಬ್ಬೊಬ್ಬರೂ ತಮ್ಮ ಭಾಷೆಯ, ತಮ್ಮ ಸಂತರ ಹೆಸರಿನ ದೇವಾಲಯವನ್ನು ಕಟ್ಟಿಕೊಂಡು, ಅದರ ಪಕ್ಕದಲ್ಲಿಯೇ ಶಾಲೆಯೊಂದನ್ನು ನಿಲ್ಲಿಸಿದರು. ಅಲ್ಲಿಯವರನ್ನು ಯಾವ ಕಡೆಯವರೆಂದು ಕೇಳಿದರೆ ಬೀದಿಯ ಹೆಸರು ಹೇಳದೆ ಧರ್ಮಕೇಂದ್ರದ ಹೆಸರು ಹೇಳುತ್ತಿದ್ದರಂತೆ. ನಮ್ಮ ಹಿರಿಯರಿಗೆ ಇದು ಅರ್ಥವಾಗುವ ಮಾತು. 1930ರಲ್ಲಿ ಆ ನಗರದ ಸಹಾಯಕ ಧರ್ಮಾಧ್ಯಕ್ಷರಾಗಿದ್ದ ಪರಮಪೂಜ್ಯ ಬರ್ನಾರ್ಡ್ ಶೀಲ್ ಅವರು, ಆರ್ಥಿಕ ಮುಗ್ಗಟ್ಟಿನಿಂದ ಕೆಲಸವಿಲ್ಲದೆ ಬೀದಿಯಲ್ಲಿ ನಿಂತಿದ್ದ ಹುಡುಗರನ್ನು ಕಂಡು ಮರುಗಿ, ಕಥೋಲಿಕ ಯುವ ಸಂಸ್ಥೆಯನ್ನು ಸ್ಥಾಪಿಸಿದರು. ಮುಷ್ಟಿಯುದ್ಧ ಮತ್ತು ಬಾಸ್ಕೆಟ್‌ಬಾಲ್ ಅದರ ಎರಡು ತೋಳುಗಳು. ಧರ್ಮಕೇಂದ್ರ ಧರ್ಮಕೇಂದ್ರಗಳ ನಡುವೆ ಪಂದ್ಯಗಳು ನಡೆದವು. ರೇ ಮೇಯರ್ ತಾರುಣ್ಯಕ್ಕೆ ಬಂದುದು ಇಂಥ ಊರಿನಲ್ಲಿ, ಇಂಥ ಕಾಲದಲ್ಲಿ.

ಬಾಲಕ ರೇ ಗುರುವಾಗಬೇಕೆಂದು ಕ್ವಿಗ್ಲಿ ಕಿರಿಯ ಗುರುಮಠವನ್ನು ಸೇರಿದ. ನಗರದ ನಡುವೆ, ಪ್ಯಾರಿಸ್ಸಿನ ಪ್ರಖ್ಯಾತ ಪವಿತ್ರ ಪ್ರಾರ್ಥನಾಲಯದ ಮಾದರಿಯಲ್ಲಿ ಕಟ್ಟಿದ ಬಣ್ಣದ ಗಾಜಿನ ಕಿಟಕಿಗಳ ಪ್ರಾರ್ಥನಾಲಯವಿದ್ದ ಆ ಗುರುಮಠದಲ್ಲಿ ಹುಡುಗರು ವಾಸವಾಗಿರುತ್ತಿರಲಿಲ್ಲ. ಮನೆಯಿಂದ ಬಂದು ಸಂಜೆಗೆ ಮರಳುತ್ತಿದ್ದರು. ಅಲ್ಲಿಯ ಒಂದು ಪದ್ಧತಿ ಸ್ವಾರಸ್ಯವಾಗಿದೆ. ಊರಿನ ಶಾಲೆಗಳಿಗೆಲ್ಲ ಶನಿವಾರ ರಜೆಯಾದರೆ ಗುರುಮಠಕ್ಕೆ ಗುರುವಾರ ರಜೆ, ಶನಿವಾರ ಪಾಠ. ಓರಗೆಯ ಹುಡುಗ ಹುಡುಗಿಯರ ಗುಂಪು ಶನಿವಾರ ತಿರುಗಾಡಲು ಹೊರಟಾಗ ಗುರುಮಠದ ಹುಡುಗ ಲ್ಯಾಟಿನ್ ವ್ಯಾಕರಣದ ಮುಂದೆ ಕುಳಿತಿರಬೇಕೆಂಬುದು ಹಿರಿಯರ ಜಾಣ್ಮೆ. ನಾವು ಓದಿದ ಗುರುಮಠದಲ್ಲಿ ಇಂಥ ಉಪಾಯಗಳ ಅಗತ್ಯವಿರಲಿಲ್ಲ; ಕಾಂಪೌಂಡಿನ ಗೋಡೆಯೇ ಸಾಕಷ್ಟು ಎತ್ತರವಾಗಿತ್ತು.

ರೇ ಅಲ್ಲಿ ನಿಲ್ಲಲಿಲ್ಲ. ಸಂತ ಪ್ಯಾಟ್ರಿಕ್ಕರ ಹೆಸರಿನ ಪ್ರೌಢಶಾಲೆಗೆ ವರ್ಗವಾಗಿ, 1932ರಲ್ಲಿ ಅಮೇರಿಕದ ಕಥೋಲಿಕ ಪ್ರೌಢಶಾಲೆಗಳ ರಾಷ್ಟ್ರೀಯ ಪಂದ್ಯಾವಳಿಯನ್ನು ಗೆದ್ದ ತಂಡದಲ್ಲಿ ಆಡಿದ. ಅದೇ ಕಾಲದಲ್ಲಿ ಸಂತ ಅಗಾಥಮ್ಮನವರ ಧರ್ಮಕೇಂದ್ರದ ಹುಡುಗಿಯರ ತಂಡಕ್ಕೆ ಆಟ ಕಲಿಸುವ ಕೆಲಸವೂ ಸಿಕ್ಕಿತು. ಆ ತಂಡದಲ್ಲಿ ಆಡುತ್ತಿದ್ದ ಮಾರ್ಜ್ ಎಂಬ ಹುಡುಗಿಯೇ ಮುಂದೆ ಅವನ ಧರ್ಮಪತ್ನಿಯಾದಳು. ಗುರುವಾರದ ರಜೆ ಯಾಕಿತ್ತೆಂಬುದು ಓದುಗರಿಗೆ ಈಗ ತಿಳಿದಿರಬೇಕು.

ಇಲ್ಲಿ ಒಂದು ಮಾತು. 'ಸೆಮಿನರಿ' ಎಂಬ ಪದದ ಮೂಲ ಲ್ಯಾಟಿನ್ನಿನ 'ಸೆಮಿನಾರಿಯುಂ'. ಅದರ ಅರ್ಥ ಸಸಿಮಡಿ. ಟ್ರೆಂಟ್ ಮಹಾಸಭೆಯ ಪಿತೃಗಳು 1563ರಲ್ಲಿ ಪ್ರತಿ ಧರ್ಮಪ್ರಾಂತ್ಯದಲ್ಲಿಯೂ ಇಂಥದೊಂದು ಸಸಿಮಡಿ ಇರತಕ್ಕದ್ದೆಂದು ವಿಧಿಸಿದರು. ಬೇಸಾಯದ ಮನೆಗಳಿಂದ ಬಂದ ನಮಗೆ ಸಸಿಮಡಿ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಬೆಳೆದ ಪೈರನ್ನೆಲ್ಲ ಒಂದೇ ಗದ್ದೆಗೆ ನೆಡುವವರಿಲ್ಲ. ನಮ್ಮ ಗದ್ದೆ ತುಂಬಿದ ಮೇಲೆ ಮಿಕ್ಕ ಸಸಿಯನ್ನು ನೆರೆಯವನು ಒಯ್ಯುತ್ತಾನೆ. ಅದು ಹಾಳಾಯಿತೆಂದು ರೈತರು ಯಾರೂ ಅಳುವುದಿಲ್ಲ. ಗುರುಮಠದ ವಿಷಯದಲ್ಲಿ ಮಾತ್ರ ನಾವು ಈ ಸರಳ ತಿಳಿವಳಿಕೆಯನ್ನು ಹೇಗೆ ಮರೆತೆವೋ.

ಪವಿತ್ರ ಶಿಲುಬೆಯ ಸಭೆಯ ಗುರುಗಳು ನಡೆಸುವ ನಾಟರ್ ಡೇಮ್ ವಿಶ್ವವಿದ್ಯಾನಿಲಯದಲ್ಲಿ ಮೇಯರ್ ಓದಿದರು. ಎರಡು ವರ್ಷ ಅಲ್ಲಿಯ ತಂಡದ ನಾಯಕರಾಗಿದ್ದು 1938ರಲ್ಲಿ ಪದವಿ ಪಡೆದರು. 1940ರಲ್ಲಿ ಅದೇ ಸಂಸ್ಥೆಗೆ ಸಹಾಯಕ ತರಬೇತುದಾರರಾಗಿ ಮರಳಿದರು. ಮುಖ್ಯ ತರಬೇತುದಾರ ಜಾರ್ಜ್ ಕಿಯೋಗನ್ ಹೃದ್ರೋಗದಿಂದ ಹಾಸಿಗೆ ಹಿಡಿದಾಗ ತಂಡವನ್ನು ನಡೆಸುವ ಹೊಣೆ ಈ ತರುಣನ ಮೇಲೆ ಬಿತ್ತು. ಹೀಗೆ ಕೈ ಪಳಗಿದ ಮೇಲೆ, 1942ರಲ್ಲಿ, ಇನ್ನೂ ಇಪ್ಪತ್ತೊಂಬತ್ತು ತುಂಬದ ಮೇಯರ್ ಶಿಕಾಗೋದ ಡಿಪೌಲ್ ವಿಶ್ವವಿದ್ಯಾನಿಲಯದ ತರಬೇತುದಾರರಾಗಿ ನೇಮಕಗೊಂಡರು.

ಡಿಪೌಲ್ ಎಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಧರ್ಮಕೇಂದ್ರದ ಹಿರಿಯರ ಕಿವಿ ನಿಮಿರಬೇಕು. ದೀನದಲಿತರ ಬಂಧುವಾದ ಸಂತ ವಿನ್ಸೆಂಟ್ ಡಿ ಪೌಲರ ಹೆಸರೇ ಅದು. ನಮ್ಮಲ್ಲಿ ಬಡ ಕುಟುಂಬಗಳಿಗೆ ಅಕ್ಕಿ, ಔಷಧಿ, ಶಾಲಾಶುಲ್ಕ ಒದಗಿಸುವ ವಿನ್ಸೆಂಟ್ ಡಿ ಪೌಲ್ ಸಭೆಯು 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಾಂ ಮತ್ತು ಅವರ ಸಂಗಡಿಗರಾದ ವಿದ್ಯಾರ್ಥಿಗಳಿಂದ ಆರಂಭವಾದುದು. ಸಂತರು ತಾವೇ 1625ರಲ್ಲಿ ಸ್ಥಾಪಿಸಿದ ಗುರುಗಳ ಸಭೆಯವರು 1898ರಲ್ಲಿ ಶಿಕಾಗೋದಲ್ಲಿ ಒಂದು ಕಾಲೇಜನ್ನು ತೆರೆದರು. 1907ರಲ್ಲಿ ಅದು ಡಿಪೌಲ್ ವಿಶ್ವವಿದ್ಯಾನಿಲಯವಾಯಿತು. ದೂರದೂರಿನ ಶ್ರೀಮಂತರ ಮಕ್ಕಳಿಗಿಂತ ಹೆಚ್ಚಾಗಿ, ವಲಸೆ ಬಂದ ಕಾರ್ಮಿಕರ ಮಕ್ಕಳು ಮನೆಯಿಂದ ರೈಲಿನಲ್ಲಿ ಬಂದು ಓದುವ ಸಂಸ್ಥೆ. ಆಟದ ಮನೆಯಾದರೋ ಹಳೆಯ ಸಭಾಂಗಣ. ಜನ ಅದಕ್ಕಿಟ್ಟಿದ್ದ ಅಡ್ಡಹೆಸರು 'ಕೊಟ್ಟಿಗೆ'. 1956ರವರೆಗೆ ಮೇಯರ್ ಅವರ ಹುಡುಗರಿಗೆ ಅದೇ ಗತಿಯಾಗಿತ್ತು.

ಆ ಕೊಟ್ಟಿಗೆಯಲ್ಲಿ ಮೊದಲ ವರ್ಷವೇ ಅವರ ಕೈಗೆ ಸಿಕ್ಕಿದ ಹುಡುಗನ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಆತ ಜೋಲಿಯೆಟ್ ಎಂಬ ಊರಿನ ಜಾರ್ಜ್ ಮೈಕನ್. ಕ್ರೊವೇಷಿಯಾದಿಂದ ವಲಸೆ ಬಂದವರ ವಂಶದವನು. ಆರಡಿ ಹತ್ತು ಅಂಗುಲದ ಎತ್ತರ, ಮೂಗಿನ ಮೇಲೆ ದಪ್ಪ ಗಾಜಿನ ಕನ್ನಡಕ, ನಡೆದರೆ ಕಾಲಿಗೆ ಕಾಲು ತೊಡರುವ ನಡಿಗೆ. ಯುದ್ಧದ ಕಾಲವಾದರೂ ಅಷ್ಟು ಎತ್ತರದವನನ್ನು ಸೇನೆ ತೆಗೆದುಕೊಳ್ಳಲಿಲ್ಲ. ಓದುಗರು ಆಶ್ಚರ್ಯಪಡಬಹುದು, ಈತನೂ ಗುರುವಾಗುವ ಆಸೆಯಿಂದ ಅದೇ ಕ್ವಿಗ್ಲಿ ಗುರುಮಠಕ್ಕೆ ಹೋಗಿ ಬಿಟ್ಟುಬಂದ ಹುಡುಗ. ಅಷ್ಟು ಸಾಲದೆಂಬಂತೆ, ಆಡಿ ತೋರಿಸಲು ನಾಟರ್ ಡೇಮಿಗೆ ಹೋದಾಗ ಕಿಯೋಗನ್ ಅವರು, ಇಷ್ಟು ಒಡ್ಡನಾದವನು ಇಲ್ಲಿಗೆ ಸಲ್ಲನೆಂದು ಹಿಂದಕ್ಕೆ ಕಳಿಸಿದ್ದರು. ಎರಡು ಬಾಗಿಲು ಮುಚ್ಚಿದ ಮೇಲೆ ಮೂರನೆಯ ಬಾಗಿಲಲ್ಲಿ ನಿಂತ ಈ ಹುಡುಗನನ್ನು ನೋಡಿದಾಗ ಮೇಯರ್ ಅವರಿಗೆ ಏನು ತೋಚಿತೋ. ಅಂದಿನ ತರಬೇತುದಾರರಲ್ಲಿ ಹಲವರು, ಬಹಳ ಎತ್ತರದವರು ಈ ಚುರುಕಿನ ಆಟಕ್ಕೆ ಒದಗುವುದಿಲ್ಲವೆಂದೇ ನಂಬಿದ್ದರು.

ಮೇಯರ್ ಆ ಹುಡುಗನಿಗೆ ಮೊದಲು ಕೊಟ್ಟುದು ಚೆಂಡನ್ನಲ್ಲ, ಹಗ್ಗವನ್ನು. ಶಾಲೆಯ ಹುಡುಗಿಯರಂತೆ ಹಗ್ಗದಾಟ ಆಡಬೇಕು. ಎದುರಾಳಿಯಿಲ್ಲದೆ ಗಾಳಿಯಲ್ಲಿ ಮುಷ್ಟಿಯುದ್ಧ ಮಾಡಬೇಕು. ಪಾದ ಹಗುರಾಗಲೆಂದು ನೃತ್ಯವನ್ನೂ ಕಲಿಯಬೇಕು. ಇದಕ್ಕಾಗಿ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳನ್ನೇ ನೃತ್ಯ ಕಲಿಸಲು ಗೊತ್ತುಮಾಡಿದರು. ಆಮೇಲೆ ಬುಟ್ಟಿಯ ಕೆಳಗೆ ನಿಲ್ಲಿಸಿ, ಬಲಗೈಯಿಂದ ಒಂದು, ಎಡಗೈಯಿಂದ ಒಂದು, ಹೀಗೆ ತೋಳನ್ನು ಬಿಲ್ಲಿನಂತೆ ಬಾಗಿಸಿ ನೂರಾರು ಸಲ ಚೆಂಡನ್ನು ಎಸೆಯಿಸಿದರು. ಲೋಕದಾದ್ಯಂತ ಬಾಸ್ಕೆಟ್‌ಬಾಲ್ ಕಲಿಯುವ ಮಕ್ಕಳಿಗೆ ಇಂದಿಗೂ ಆ ಅಭ್ಯಾಸವನ್ನು 'ಮೈಕನ್ ಡ್ರಿಲ್' ಎಂಬ ಹೆಸರಿನಲ್ಲಿಯೇ ಮಾಡಿಸುತ್ತಾರೆ. ನಮ್ಮ ಹಿಂದಿನ ಅಂಗಳದ ಯುವಕರನ್ನು ಕೇಳಿದೆವು. ಅವರೂ ಅದನ್ನು ಮಾಡುತ್ತಿದ್ದಾರೆ, ಆ ಹೆಸರು ಯಾರದೆಂದು ಮಾತ್ರ ಗೊತ್ತಿರಲಿಲ್ಲ.

ಫಲ ಬೇಗನೆ ಕಂಡಿತು. 1943ರಲ್ಲಿ ಡಿಪೌಲ್ ರಾಷ್ಟ್ರೀಯ ಪಂದ್ಯಾವಳಿಯ ಉಪಾಂತ್ಯ ಮುಟ್ಟಿ ಜಾರ್ಜ್‌ಟೌನ್‌ಗೆ ಸೋತಿತು. ಮರುವರ್ಷ ನ್ಯೂಯಾರ್ಕಿನ ರಾಷ್ಟ್ರೀಯ ಆಹ್ವಾನಿತ ಪಂದ್ಯಾವಳಿಯ ಅಂತಿಮದಲ್ಲಿ ಸಂತ ಯೋವಾನ್ನರ ಹೆಸರಿನ ವಿಶ್ವವಿದ್ಯಾನಿಲಯಕ್ಕೆ ಸೋತಿತು. ಅದನ್ನು ನಡೆಸುವವರೂ ವಿನ್ಸೆಂಟರ ಸಭೆಯವರೇ ಆದುದರಿಂದ ಅಂದು ಆ ಸಭೆಯ ಗುರುಗಳು ಯಾರ ಗೆಲುವಿಗೆ ಪ್ರಾರ್ಥಿಸಿದರೆಂಬುದು ದೇವರಿಗೇ ಗೊತ್ತು. ಮೈಕನ್ ಮತ್ತು ಓಕ್ಲಹಾಮಾದ ಬಾಬ್ ಕರ್ಲೆಂಡ್ ಎಂಬ ಇನ್ನೊಬ್ಬ ದೀರ್ಘದೇಹಿ, ಬುಟ್ಟಿಗೆ ಇಳಿಯುತ್ತಿದ್ದ ಚೆಂಡನ್ನು ಮೇಲೆಯೇ ತಟ್ಟಿ ತಳ್ಳಿಬಿಡುತ್ತಿದ್ದುದರಿಂದ, 1944-45ರ ಋತುವಿನಿಂದ ಹಾಗೆ ಮಾಡಕೂಡದೆಂದು ಆಟದ ನಿಯಮವನ್ನೇ ತಿದ್ದಬೇಕಾಯಿತು. ಒಡ್ಡನೆಂದು ತಳ್ಳಲ್ಪಟ್ಟ ಹುಡುಗನಿಗಾಗಿ ನಿಯಮಾವಳಿಯೇ ಬದಲಾಯಿತು. 1945ರಲ್ಲಿ ನ್ಯೂಯಾರ್ಕಿನಲ್ಲಿ ರೋಡ್ ಐಲೆಂಡ್ ತಂಡದ ಎದುರು ಡಿಪೌಲ್ 97-53ರಿಂದ ಗೆದ್ದಿತು. ಅದರಲ್ಲಿ ಮೈಕನ್ ಒಬ್ಬನೇ ಗಳಿಸಿದ ಅಂಕ 53, ಎಂದರೆ ಎದುರು ತಂಡದ ಎಲ್ಲರೂ ಸೇರಿ ಗಳಿಸಿದಷ್ಟು. ಅಂತಿಮದಲ್ಲಿ ಬೌಲಿಂಗ್ ಗ್ರೀನ್ ತಂಡವನ್ನು 71-54ರಿಂದ ಮಣಿಸಿ ಪ್ರಶಸ್ತಿಯನ್ನು ಶಿಕಾಗೋಗೆ ತಂದರು. ಮುಂದೆ ವೃತ್ತಿಪರ ಆಟಕ್ಕೆ ಹೋದ ಮೈಕನ್, ಅರ್ಧ ಶತಮಾನದ ಶ್ರೇಷ್ಠ ಬಾಸ್ಕೆಟ್‌ಬಾಲ್ ಆಟಗಾರನೆಂದು 1950ರಲ್ಲಿ ಪತ್ರಕರ್ತರಿಂದ ಆರಿಸಲ್ಪಟ್ಟ.

ಮೇಯರ್ ಅವರ ಕಥೆಯನ್ನು ಬರೆಯುವವರು ಸಾಮಾನ್ಯವಾಗಿ ಇಲ್ಲಿಂದ ನೇರವಾಗಿ 1979ಕ್ಕೆ ಹಾರುತ್ತಾರೆ. ನಮಗೆ ಆ ನಡುವಣ ಮೂವತ್ತು ವರ್ಷಗಳೇ ಹೆಚ್ಚು ಪ್ರಿಯ. ಧರ್ಮಕೇಂದ್ರವೊಂದರ ನೂರು ವರ್ಷಗಳಲ್ಲಿ ಅಡಿಗಲ್ಲಿನ ದಿನ, ಗೋಪುರ ಏರಿಸಿದ ದಿನ, ಧರ್ಮಾಧ್ಯಕ್ಷರು ಬಂದ ದಿನಗಳು ಕೆಲವೇ. ಉಳಿದುವೆಲ್ಲ ಬೆಳಗಿನ ಪೂಜೆಗೆ ಹತ್ತು ಜನ ಬಂದ ದಿನಗಳು. ಮೇಯರ್ ಅವರ ಬಾಳಿನಲ್ಲಿಯೂ ಹಾಗೆಯೇ. 1953, 1956, 1959, 1960, 1965ರಲ್ಲಿ ಅವರ ತಂಡ ರಾಷ್ಟ್ರೀಯ ಪಂದ್ಯಾವಳಿಗೆ ಹೋಗಿ ಬಂದಿತು, ಕಿರೀಟ ತರಲಿಲ್ಲ. ಮಿಕ್ಕ ವರ್ಷಗಳಲ್ಲಿ ಸಾಧಾರಣ ಹುಡುಗರು, ಸಾಧಾರಣ ಗೆಲುವುಗಳು. 1956ರಲ್ಲಿ ಹೊಸ ಆಟದ ಮನೆ ಬಂದಿತು. ಅದೂ ಸುಮಾರು ಐದು ಸಾವಿರ ಜನ ಹಿಡಿಯುವಷ್ಟರದು. ದೊಡ್ಡ ದೊಡ್ಡ ಸಂಸ್ಥೆಗಳು ದೇಶವನ್ನೆಲ್ಲ ಜಾಲಾಡಿ ಆಟಗಾರರನ್ನು ಹಿಡಿದು ತರತೊಡಗಿದಾಗ, ಇವರು ಬಹುಮಟ್ಟಿಗೆ ತಮ್ಮ ನಗರದ ಹುಡುಗರನ್ನೇ ನೆಚ್ಚಿದರು. ಮಾರ್ಜ್ ಅವರೊಡನೆ ಆರು ಮಕ್ಕಳ ಸಂಸಾರ. ಬೇಸಿಗೆಯಲ್ಲಿ ವಿಸ್ಕಾನ್ಸಿನ್ ರಾಜ್ಯದ ತ್ರೀ ಲೇಕ್ಸ್ ಎಂಬ ಸರೋವರದ ಊರಿನಲ್ಲಿ ಬಾಲಕರಿಗಾಗಿ ಶಿಬಿರ. ಇಬ್ಬರು ಗಂಡುಮಕ್ಕಳು, ಟಾಮ್ ಮತ್ತು ಜೋಯಿ, ತಂದೆಯ ಕೈಕೆಳಗೆ ಡಿಪೌಲ್ ತಂಡದಲ್ಲಿ ಆಡಿದರು.

1970-71ರ ಋತುವಿನಲ್ಲಿ ಎಂಟು ಗೆಲುವು, ಹದಿನೇಳು ಸೋಲು. ಮೇಯರ್ ಅವರಿಗೆ ಐವತ್ತೇಳು ವರ್ಷ. ಕಾಲ ಮುಂದೆ ಹೋಯಿತು, ಈತ ಹಿಂದೆ ಉಳಿದ ಎಂದು ಆಡಿಕೊಳ್ಳುವವರಿಗೆ ಅಂಥ ಅಂಕಿಗಳಿಗಿಂತ ಹೆಚ್ಚಿನ ಸಾಕ್ಷಿ ಬೇಕಿಲ್ಲ. ಇಪ್ಪತ್ತೊಂಬತ್ತು ವರ್ಷಗಳ ಸೇವೆಯ ಮೇಲೆ ಇಂಥ ವರ್ಷವೊಂದು ಬಂದಾಗ ಮನುಷ್ಯ ರಾತ್ರಿ ಏನನ್ನು ಯೋಚಿಸುತ್ತ ಮಲಗುತ್ತಾನೆಂಬುದನ್ನು, ಖಾಲಿ ಬೆಂಚುಗಳ ಮುಂದೆ ಪ್ರಸಂಗ ಮಾಡಿದ ಗುರುಗಳು ಬಲ್ಲರು. ಮೇಯರ್ ಬಿಟ್ಟುಹೋಗಲಿಲ್ಲ. ವಿನ್ಸೆಂಟರ ಸಭೆಯ ಗುರುಗಳೂ ಅವರನ್ನು ಕಳಿಸಲಿಲ್ಲ. ಇದನ್ನು ಅವರ ಹಿರಿಮೆಯಾಗಿಯೇ ನಾವು ಎಣಿಸುತ್ತೇವೆ.

ಆಮೇಲೆ, ಬೇರೆಯವರು ನಿವೃತ್ತರಾಗುವ ವಯಸ್ಸಿನಲ್ಲಿ, ಅವರಿಗೆ ಎರಡನೆಯ ವಸಂತ ಬಂದಿತು. ಆ ಹೊತ್ತಿಗೆ ಮಗ ಜೋಯಿ ಅವರ ಸಹಾಯಕನಾಗಿದ್ದ. 1978ರಲ್ಲಿ ತಂಡ ಇಪ್ಪತ್ತೇಳು ಪಂದ್ಯ ಗೆದ್ದು, ಸೋತುದು ಮೂರನ್ನು ಮಾತ್ರ. 1979ರಲ್ಲಿ ಮಾರ್ಕ್ ಅಗ್ವೈರ್ ಎಂಬ ಶಿಕಾಗೋದ ಕರಿಯ ತರುಣ ತಂಡಕ್ಕೆ ಸೇರಿದ ಮೊದಲ ವರ್ಷವೇ, ಅಮೇರಿಕದ ಕಾಲೇಜು ಆಟದಲ್ಲಿ ದೈತ್ಯನೆನಿಸಿದ್ದ ಲಾಸ್ ಏಂಜಲೀಸ್‌ನ ಯು.ಸಿ.ಎಲ್.ಎ. ತಂಡವನ್ನು 95-91ರಿಂದ ಸೋಲಿಸಿ ಡಿಪೌಲ್ ಕೊನೆಯ ನಾಲ್ಕರ ಘಟ್ಟ ತಲುಪಿತು. ಅಲ್ಲಿ ಲ್ಯಾರಿ ಬರ್ಡ್ ನೇತೃತ್ವದ ಇಂಡಿಯಾನಾ ಸ್ಟೇಟ್ ತಂಡ 76-74ರಿಂದ ಗೆದ್ದಿತು. ಒಂದೇ ಬುಟ್ಟಿಯ ಅಂತರ. ಅರವತ್ತೈದರ ಮೇಯರ್ ಅವರ ಮುಖವನ್ನು ದೇಶವೆಲ್ಲ ದೂರದರ್ಶನದಲ್ಲಿ ನೋಡಿತು. ಸೋತ ತಂಡದ ಮುದುಕನನ್ನು ಜನ ಒಲಿದರು. ಅದೇ ವರ್ಷ ಸ್ಪ್ರಿಂಗ್‌ಫೀಲ್ಡ್‌ನಲ್ಲಿರುವ, ನೈಸ್ಮಿತ್ ಅವರ ಹೆಸರಿನ ಕೀರ್ತಿಮಂದಿರದಲ್ಲಿ ಅವರಿಗೆ ಸ್ಥಾನ ಸಿಕ್ಕಿತು.

ಮುಂದಿನ ಮೂರು ವರ್ಷಗಳನ್ನು ನಮ್ಮ ಯುವಕರು ಎರಡು ಸಲ ಓದಬೇಕು. 1980ರಲ್ಲಿ 26 ಗೆಲುವು, 2 ಸೋಲು. 1981ರಲ್ಲಿ 27 ಗೆಲುವು, 2 ಸೋಲು. 1982ರಲ್ಲಿ 26 ಗೆಲುವು, 2 ಸೋಲು. ಒಟ್ಟು ಎಪ್ಪತ್ತೊಂಬತ್ತು ಗೆದ್ದು ಆರನ್ನು ಮಾತ್ರ ಸೋತರು. ಆದರೆ ಆ ಆರು ಸೋಲುಗಳಲ್ಲಿ ಮೂರು, ಪ್ರತಿ ವರ್ಷವೂ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಅವರು ಆಡಿದ ಮೊದಲನೆಯ ಪಂದ್ಯದಲ್ಲಿಯೇ ಬಂದುವು! ಮೊದಲ ವರ್ಷ ಯು.ಸಿ.ಎಲ್.ಎ. ತನ್ನ ಸೇಡು ತೀರಿಸಿಕೊಂಡಿತು. ಎರಡನೆಯ ವರ್ಷ ಫಿಲಡೆಲ್ಫಿಯಾದ ಸಂತ ಜೋಸೆಫರ ವಿಶ್ವವಿದ್ಯಾನಿಲಯದ ಎದುರು ಕೊನೆಯ ಗಳಿಗೆಯವರೆಗೂ ಡಿಪೌಲ್ ಒಂದು ಅಂಕ ಮುಂದಿತ್ತು. ಗುರಿ ತಪ್ಪುವವನೇ ಅಲ್ಲವೆಂದು ಹೆಸರಾದ ಹುಡುಗನೊಬ್ಬ ಫ್ರೀ ಥ್ರೋ ಎಸೆಯಲು ನಿಂತ. ಚೆಂಡು ಹೊರಗೆ ಬಿದ್ದಿತು. ಎದುರು ತಂಡದವರು ಅದನ್ನು ಹಿಡಿದು ಅಂಗಳದ ಆ ಕೊನೆಗೆ ಒಯ್ದು, ಆಟಕ್ಕೆ ಕೆಲವೇ ಸೆಕೆಂಡು ಉಳಿದಿರುವಾಗ ಬುಟ್ಟಿಗೆ ಹಾಕಿದರು. 49-48. ಮೂರನೆಯ ವರ್ಷ ಬಾಸ್ಟನ್ ಕಾಲೇಜು 82-75ರಿಂದ ಮಣಿಸಿತು.

ಸಂತ ಜೋಸೆಫರ ಸಂಸ್ಥೆಯೂ, ಬಾಸ್ಟನ್ ಕಾಲೇಜೂ, 1943ರಲ್ಲಿ ಸೋಲಿಸಿದ ಜಾರ್ಜ್‌ಟೌನೂ ಯೇಸುಸಭೆಯ ಗುರುಗಳವು. ಧರ್ಮಪ್ರಾಂತ್ಯದ ಬಡಗುರುಗಳಾದ ನಾವು ಈ ವಿಷಯದಲ್ಲಿ ಹೆಚ್ಚು ಮಾತನಾಡುವುದು ತರವಲ್ಲ.

ನಗುವುದು ಬೇರೆ, ಆ ಹುಡುಗ ಎಸೆದ ಚೆಂಡಿನ ವಿಚಾರ ಬೇರೆ. ವರ್ಷವಿಡೀ ತಂಡವನ್ನು ಗೆಲ್ಲಿಸಿದವನನ್ನು ಜನ ನೆನೆಯುವುದು ತಪ್ಪಿದ ಒಂದು ಎಸೆತದಿಂದ. ಇದು ಅನ್ಯಾಯವೆಂದು ಎಲ್ಲರೂ ಒಪ್ಪುತ್ತೇವೆ. ಗುರುಮಠದಲ್ಲಿ ಆರು ವರ್ಷ ಮುಂಜಾನೆ ಐದಕ್ಕೆ ಎದ್ದು, ಪ್ರಾರ್ಥಿಸಿ, ಓದಿ, ಪಾತ್ರೆ ತೊಳೆದು, ತೋಟಕ್ಕೆ ನೀರು ಹೊತ್ತ ಹುಡುಗನನ್ನು ಅವನು ಟ್ರಂಕು ಎತ್ತಿಕೊಂಡ ಒಂದು ಬೆಳಗಿನಿಂದ ಮಾತ್ರ ನೆನೆಯುವಾಗ ಅದು ಅನ್ಯಾಯವೆಂದು ನಮಗೆ ಎಂದಾದರೂ ತೋರಿತೇ?

1984ರಲ್ಲಿ ಮೇಯರ್ ನಿವೃತ್ತಿಯನ್ನು ಸಾರಿದರು. ಅದು ಅವರ ನಲವತ್ತೆರಡನೆಯ ಋತು. ತಂಡ ಇಪ್ಪತ್ತೇಳು ಗೆದ್ದಿತು. ಕೊನೆಯ ಪಂದ್ಯ ಸೇಂಟ್ ಲೂಯಿಸ್ ನಗರದಲ್ಲಿ. ಮುಂದಿದ್ದೂ ಹಿಡಿತ ತಪ್ಪಿ, ಹೆಚ್ಚುವರಿ ಅವಧಿಯಲ್ಲಿ ವೇಕ್ ಫಾರೆಸ್ಟ್ ತಂಡಕ್ಕೆ 73-71ರಿಂದ ಸೋತರು. ಮತ್ತೆ ಅದೇ ಒಂದು ಬುಟ್ಟಿಯ ಅಂತರ. ಅವರ ಹೆಸರಿನಲ್ಲಿ ಒಟ್ಟು 724 ಗೆಲುವು, 354 ಸೋಲು. ನಲವತ್ತೆರಡರಲ್ಲಿ ಮೂವತ್ತೇಳು ಋತುಗಳಲ್ಲಿ ಗೆಲುವೇ ಹೆಚ್ಚು. ದೇಶದ ಅತ್ಯುನ್ನತ ಪ್ರಶಸ್ತಿ ಮಾತ್ರ ಕೊನೆಗೂ ಕೈಗೆ ಬರಲಿಲ್ಲ.

ತಂದೆಯ ಸ್ಥಾನಕ್ಕೆ ಜೋಯಿ ಬಂದರು; ಮೇಯರ್ ಆಕಾಶವಾಣಿಯಲ್ಲಿ ತಂಡದ ಪಂದ್ಯಗಳ ವಿವರಣೆ ನೀಡುತ್ತ, ವಿಶ್ವವಿದ್ಯಾನಿಲಯಕ್ಕೆ ನಿಧಿ ಸಂಗ್ರಹಿಸುತ್ತ ಉಳಿದರು. 1997ರಲ್ಲಿ ತಂಡ ಕುಗ್ಗಿದಾಗ ಸಂಸ್ಥೆಯವರು ಜೋಯಿ ಅವರನ್ನು ಬಿಡುಗಡೆ ಮಾಡಿದರು. ಎಂಬತ್ತಮೂರರ ತಂದೆ ನೊಂದು ತಮ್ಮ ಹುದ್ದೆಯನ್ನೂ ತ್ಯಜಿಸಿ ಹೊರಗೆ ನಡೆದರು. ಐವತ್ತೈದು ವರ್ಷಗಳ ಸಂಬಂಧಕ್ಕೆ ಇಂಥ ಗಾಯ. ಈ ಭಾಗವನ್ನು ಬಿಟ್ಟು ಬರೆಯಬಹುದಿತ್ತು. ಶತಮಾನೋತ್ಸವದ ಸಂಚಿಕೆಗಳಲ್ಲಿ ಇಂಥವನ್ನು ಬಿಟ್ಟುಬಿಡುವುದೇ ವಾಡಿಕೆ. ಆದರೆ ಪ್ರೀತಿಸಿದ ಮನೆಯಲ್ಲಿ ಮುನಿಸಿಕೊಂಡವರು ನಮ್ಮ ಧರ್ಮಕೇಂದ್ರದಲ್ಲಿಯೂ ಇದ್ದಾರೆ, ಅವರೂ ಈ ಪುಟವನ್ನು ಓದುತ್ತಾರೆ. ಗಾಯ ಮಾಯಲು ಕಾಲ ಹಿಡಿಯಿತು. 1999ರಲ್ಲಿ ವಿಶ್ವವಿದ್ಯಾನಿಲಯವು ವಿದ್ಯಾರ್ಥಿಗಳಿಗಾಗಿ ಕಟ್ಟಿದ ಹೊಸ ವ್ಯಾಯಾಮ ಮಂದಿರಕ್ಕೆ ರೇ ಮೇಯರ್ ಅವರ ಹೆಸರನ್ನೇ ಇಟ್ಟಿತು. ಇಂದಿನ ಮಕ್ಕಳು ಅದನ್ನು ಸಲಿಗೆಯಿಂದ 'ರೇ' ಎಂದಷ್ಟೇ ಕರೆಯುತ್ತಾರಂತೆ.

ಮೈಕನ್ 2005ರ ಜೂನ್ 1ರಂದು ತೀರಿಕೊಂಡರು. ಮೇಯರ್ ಅವರು 2006ರ ಮಾರ್ಚ್ 17ರಂದು, ತಮ್ಮ ತೊಂಬತ್ತೆರಡನೆಯ ವಯಸ್ಸಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಅದು ಸಂತ ಪ್ಯಾಟ್ರಿಕ್ಕರ ಹಬ್ಬದ ದಿನ. ಗುರುಮಠವನ್ನು ಬಿಟ್ಟುಬಂದ ಹುಡುಗನನ್ನು ಸೇರಿಸಿಕೊಂಡ ಶಾಲೆಯ ಪಾಲಕ ಸಂತರು ಅವರು. ಕ್ವಿಗ್ಲಿ ಗುರುಮಠವು 2007ರಲ್ಲಿ ಮುಚ್ಚಿತು. ಆ ಕಟ್ಟಡದಲ್ಲಿ ಈಗ ಮಹಾಧರ್ಮಪ್ರಾಂತ್ಯದ ಕಚೇರಿಗಳಿವೆ.

ಅದೇ ಶಿಕಾಗೋದಲ್ಲಿ 1955ರಲ್ಲಿ ಹುಟ್ಟಿದ ಇನ್ನೊಬ್ಬ ಬಾಲಕ 1969ರಲ್ಲಿ ಅಗಸ್ಟೀನರ ಸಭೆಯ ಕಿರಿಯ ಗುರುಮಠಕ್ಕೆ ಹೋಗಿ, ನಿಂತು, 2025ರ ಮೇ 8ರಂದು ಹದಿನಾಲ್ಕನೆಯ ಲಿಯೋ ಎಂಬ ಹೆಸರಿನಲ್ಲಿ ಜಗದ್ಗುರುವಾಗಿ ಆಯ್ಕೆಯಾದರು. ಅವರ ಭಾವಚಿತ್ರ ಈ ಸಂಚಿಕೆಯ ಮೊದಲ ಪುಟಗಳಲ್ಲಿ ಇದೆ, ಇರಬೇಕಾದುದೇ. ಆ ಚಿತ್ರವನ್ನು ನೋಡಿ ಮುಂದೆ ಬರುವ ಓದುಗರಿಗೆ, ಅದೇ ನಗರದ ಸಸಿಮಡಿಯಿಂದ ಬೇರೆ ಗದ್ದೆಗೆ ಹೋದ ರೇ ಮೇಯರ್ ಅವರ ಕಥೆಯೂ ಇದೇ ಸಂಚಿಕೆಯಲ್ಲಿ ಸಿಗಲೆಂದು ನಾವು ಬಯಸಿದೆವು.

ಸಮಿತಿಯ ಮುಂದೆ ನಾವು ಈ ಮಾತನ್ನು ಇಟ್ಟಾಗ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಕಾರ್ಯದರ್ಶಿಯವರು, ತಮ್ಮ ಅಣ್ಣನೂ ಮೂರು ವರ್ಷ ಗುರುಮಠದಲ್ಲಿದ್ದನೆಂದು ಹೇಳಿದರು. ಇಷ್ಟು ವರ್ಷ ಅವರ ಮನೆಗೆ ಹೋಗಿ ಬಂದಿದ್ದ ನಮಗೆ ಅದು ಗೊತ್ತಿರಲಿಲ್ಲ. ಮನೆಮನೆಗೆ ಹೋಗಿ ವಿಚಾರಿಸಲು ಮೂರು ವಾರ ಹಿಡಿಯಿತು. ನಿವೃತ್ತ ಉಪಾಧ್ಯಾಯರು, ಬಸ್ಸಿನ ನಿರ್ವಾಹಕರು, ನಮ್ಮ ಗಾಯನಮಂಡಳಿಗೆ ಲ್ಯಾಟಿನ್ ಹಾಡುಗಳನ್ನು ಕಲಿಸಿದವರು, ಹಲವು ಬಗೆಯವರು ಸಿಕ್ಕಿದರು. ಇಬ್ಬರ ಮನೆಯವರು ಹೆಸರು ಬೇಡವೆಂದರು; ಅವರ ಇಚ್ಛೆಯನ್ನು ಗೌರವಿಸಿದ್ದೇವೆ. ಉಳಿದವರ ಹೆಸರುಗಳನ್ನು, ಅವರು ಗುರುಮಠ ಸೇರಿದ ವರ್ಷದೊಡನೆ, ಮುಂದಿನ ಪುಟದಲ್ಲಿ ಕೊಟ್ಟಿದೆ.